ಚಗಚೆ ಸೊಪ್ಪೂ ಅದರ ನಾರುವ ಅಕ್ಕನೂ

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ನಾನು ಎಂಬತ್ತರ ದಶಕದ ಕೊನೆಯಲ್ಲಿ ದಿಬ್ಬೂರಹಳ್ಳಿಯ ಸೊಸೆಯಾದೆ. ನಮ್ಮ ಸೊಸೆ ಗಿಡಗಳ ಬಗ್ಗೆಯೇ ಓದಿದ್ದಾಳೆ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದರು. ಮೊದಲ ಮಳೆ ಬಿದ್ದ ವಾರವೇ ನನ್ನ ಬಂಡವಾಳ ಬಯಲಾಯಿತು.

ಬೆರಕೆ ಸೊಪ್ಪಿನ ಸಾರಿಗೆ ಹೊಲದ ಬದುವಿನಿಂದ ಚಗಚೆ ತರಬೇಕಿತ್ತು. ಅದರ ಪಕ್ಕದಲ್ಲೇ ದೊಡ್ಡ ಚಗಚೆ ಹುಟ್ಟುತ್ತದೆ. ಎರಡೂ ಒಂದೇ ಬಳಗ, ಹೂವೂ ಹಳದಿಯೇ. ಚಗಚೆಯ ವಾಸನೆಯನ್ನು ಹೇಗೋ ಸಹಿಸಬಹುದು. ದೊಡ್ಡದರ ಎಲೆ ಹಿಸುಕಿದರೆ ಮೂಗು ಮುಚ್ಚಿಕೊಳ್ಳಬೇಕು, ಅದು ಸಾರಿಗೆ ಆಗದು. ನಾನು ಕಲಿತದ್ದು ಹೂ, ಕಾಯಿ ನೋಡಿ ಗುರುತಿಸುವುದನ್ನು. ಗೇಣುದ್ದದ ಸಸಿಯಲ್ಲಿ ಹೂವೆಲ್ಲಿ, ಕಾಯೆಲ್ಲಿ? ಎರಡನ್ನೂ ಸೆರಗಿನ ತುಂಬ ಕಿತ್ತು ತಂದೆ.

ಅತ್ತೆ ಒಮ್ಮೆ ಮೂಸಿ ಎಲ್ಲವನ್ನೂ ತಿಪ್ಪೆಗೆಸೆದರು. "ಏಮಮ್ಮಾ, ಕಾಲೇಜಲ್ಲಿ ಇದನ್ನೇನಾ ಹೇಳ್ಕೊಟ್ಟಿದ್ದು? ಇವೆರಡೂ ಗೊತ್ತಾಗೋವರ್ಗೂ ಸಾರಿನ ಪಾತ್ರೆ ಮುಟ್ಬೇಡ."

ನನಗೆ ಮೈಯೆಲ್ಲ ಉರಿದುಹೋಯಿತು. ವಾರವಿಡೀ ಬದುವಿನಲ್ಲಿ ಕೂತು ಎಲೆ ಎಣಿಸಿದೆ. ಚಗಚೆಯ ಒಂದು ಕಡ್ಡಿಗೆ ಮೂರು ಜೊತೆ ಎಲೆ, ತುದಿ ದುಂಡಗೆ. ದೊಡ್ಡದಕ್ಕೆ ನಾಲ್ಕೋ ಐದೋ ಜೊತೆ, ತುದಿ ಚೂಪು. ಇದೆಲ್ಲ ಪುಸ್ತಕದಲ್ಲೂ ಇತ್ತು, ಆ ಪುಟವನ್ನು ನಾನೇ ಹಾರಿಸಿದ್ದೆ. ಅತ್ತೆಯೋ ಎಲೆಯನ್ನು ನೋಡುತ್ತಲೇ ಇರಲಿಲ್ಲ, ಅವರದ್ದೆಲ್ಲ ಮೂಗಿನ ಪಾಂಡಿತ್ಯ. ಆಹಾ, ಸಿಕ್ಕಿದರು ಅಂದುಕೊಂಡೆ.

ಮರುದಿನ ಅತ್ತೆಯೇ ಒಂದು ಬುಟ್ಟಿ ಚಗಚೆ ಬಿಡಿಸಿ ತಂದರು. ನಾನು ದೊಡ್ಡ ಚಗಚೆಯ ಎಲೆಯನ್ನು ಅಂಗೈಗೆ ಚೆನ್ನಾಗಿ ತಿಕ್ಕಿಕೊಂಡು ಬಂದು, ಅವರ ಬುಟ್ಟಿಯಿಂದ ಒಂದು ಹಿಡಿ ಎತ್ತಿ ಅವರ ಮೂಗಿಗೆ ಹಿಡಿದೆ.

"ಅತ್ತೆ, ಇದ್ಯಾಕೋ ಜಾಸ್ತಿ ನಾರ್ತಿದೆಯಲ್ಲ?"

"ಅಯ್ಯಯ್ಯೋ, ನಂಗೇನಾಗಿತ್ತೇ!" ಎಂದು ಇಡೀ ಬುಟ್ಟಿಯನ್ನು ತಿಪ್ಪೆಗೆ ಸುರಿದರು. ನಾನು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ.

ಮಧ್ಯಾಹ್ನ ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಹಾಕುವ ಹೊತ್ತು. ಹುಳುಗಳಿಗೆ ಕಟುವಾಸನೆ ಆಗದೆಂದು, ಹುಳುಮನೆಗೆ ಹೋಗುವವರ ಕೈಯನ್ನು ಅತ್ತೆ ಬಾಗಿಲಲ್ಲೇ ಮೂಸಿ ಒಳಗೆ ಬಿಡುತ್ತಿದ್ದರು. ಹಾಳಾದ್ದು, ಅದನ್ನು ಮರೆತೇಬಿಟ್ಟಿದ್ದೆ. ಎರಡು ಸಲ ಸೋಪು ಹಾಕಿದರೂ ನಾತ ಹೋಗಿರಲಿಲ್ಲ. ಅತ್ತೆ ನನ್ನ ಅಂಗೈ ಮೂಸಿದರು, ತಿಪ್ಪೆಯ ಕಡೆ ನೋಡಿದರು.

"ದೊಡ್ಡ ಚಗಚೆ ಯಾವ್ದೂಂತ ಯಾರು ತೋರ್ಸಿದ್ರು?"

"ಯಾರೂ ಇಲ್ಲ ಅತ್ತೆ. ನಾನೇ ಹುಡುಕ್ಕೊಂಡೆ."

ಅತ್ತೆಯ ತುಟಿ ಅದುರಿತು. ಬೈಗುಳ ಬರುತ್ತದೆ ಅಂದುಕೊಂಡೆ, ನಗು ಬಂತು. "ಹಂಗಾದ್ರೆ ನಂಗೆ ಟೋಪಿ ಹಾಕೋವಷ್ಟು ಗೊತ್ತಾಯ್ತು ಅನ್ನು. ಹೋಗು, ಪಾತ್ರೆ ತಗೋ. ಇವತ್ತಿಂದ ಸಾರು ನಿಂದೇ ಕಣಮ್ಮ."

ಪಾತ್ರೆಯೇನೋ ಕೈಗೆ ಬಂತು. ಅದಕ್ಕೆ ಹಾಕಬೇಕಾದ ಸೊಪ್ಪು ತಿಪ್ಪೆಯಲ್ಲಿತ್ತು. ಖಾಲಿ ಬುಟ್ಟಿ ಹಿಡಿದು, ಉರಿಬಿಸಿಲಲ್ಲಿ ಮತ್ತೆ ಬದುವಿಗೆ ಓಡಿದೆ.