ಕತ್ತರಿಗೆ ಸಿಗದ ಕೊಂಬೆ

ನಮ್ಮ ಬೀದಿಯ ಕ್ಷೌರದಂಗಡಿಯವನನ್ನು ಎಲ್ಲರೂ ಕತ್ತರಿ ಮಾವ ಅಂತಲೇ ಕರೆಯುತ್ತಾರೆ. ಅವನ ಮನೆ ಅಂಗಡಿಯ ಹಿಂದೆಯೇ. ಅವನಿಗೂ ನನ್ನ ಕಬ್ಬಿಣದ ಸಾಮಾನಿನ ಅಂಗಡಿಗೂ ನಡುವೆ ಒಂದೇ ಗೋಡೆ. ಎಷ್ಟೋ ವರ್ಷಗಳಿಂದ ನನ್ನ ತಲೆ ಅವನ ಕೈಯಲ್ಲಿದೆ. ಅವನ ಮನೆಯ ಬೀಗ, ನಲ್ಲಿಗಳೆಲ್ಲ ನನ್ನ ಕೈಯಿಂದ ಹೋದವು. ನನ್ನ ತಲೆಯಲ್ಲಿ ಈಗ ಅವನಿಗೆ ಹೆಚ್ಚು ಕೆಲಸ ಉಳಿದಿಲ್ಲ. ಬೀಗಗಳು ಮಾತ್ರ ಇನ್ನೂ ಗಟ್ಟಿಯಾಗಿವೆ.

ಮಾವನಿಗೆ ಒಂದು ಚಟ. ಉದ್ದವಾಗಿ ಬೆಳೆದದ್ದು ಏನು ಕಂಡರೂ ಕೈ ತುರಿಸುತ್ತದೆ. ಪರದೆಯ ದಾರ, ಪೊರಕೆಯ ತುದಿ, ಒಮ್ಮೆ ನನ್ನ ನಾಯಿಯ ಬಾಲ. ಅವನ ಕೈಗೆ ಸಿಗದೆ ಉಳಿದದ್ದು ಹಿತ್ತಲಿನ ಮ್ಯಾಗ್ನೋಲಿಯಾ ಅನ್ನೋ ಸಂಪಿಗೆ ಜಾತಿಯ ಗಿಡ ಒಂದೇ. ಅದು ಅವನ ಹೆಂಡತಿಯದು. ನಮಗೆಲ್ಲ ಆಕೆ ಅಕ್ಕ. ಹೂ ಉದುರಿದ ಮೇಲೆ ಒಣಗಿದ ಕಡ್ಡಿ, ಒಂದಕ್ಕೊಂದು ಉಜ್ಜುವ ಕಡ್ಡಿ ಮಾತ್ರ ತೆಗೆದು, ಬುಡಕ್ಕೆ ತರಗೆಲೆ ಹಾಸುತ್ತಿದ್ದಳು. ಯಾರಾದರೂ ಗುದ್ದಲಿ ತಂದರೆ, "ಬೇರು ಮೇಲೇ ಮಲಗಿದೆ, ಎಬ್ಬಿಸಬೇಡಿ" ಅನ್ನುತ್ತಿದ್ದಳು.

ಗಿಡದ ಒಂದು ಕೊಂಬೆ ಗೋಡೆ ಹಾರಿ ನನ್ನ ಅಂಗಳಕ್ಕೆ ಬಂದಿತ್ತು. ಬಾಡಿಗೆ ಕೊಡದ ಬಾಡಿಗೆದಾರ ಅಂತ ನಾನು ದಿನಾ ಗೊಣಗುತ್ತಿದ್ದೆ.

ಆ ಚಳಿಗಾಲ ಅಕ್ಕ ಜಾರಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದಳು. ನೋಡಲು ಹೋದರೆ ಒಂದೇ ಮಾತು: "ಹೂ ಬಿಡೋ ಹೊತ್ತಿಗೆ ಮನೇಲಿರಬೇಕು ಕಣಪ್ಪ. ಅದಕ್ಕೇ ಈ ಹಾಳು ನಡಿಗೆ ಕಲೀತಿದೀನಿ."

ಅವಳು ಮನೆಗೆ ಬರುವ ಹಿಂದಿನ ದಿನ ಮಾವ ನೆಲ ಒರೆಸಿ, ಮಂಚವನ್ನು ಕಿಟಕಿಯ ಬಳಿ ಎಳೆದು, ಗಿಡಕ್ಕೂ ಒಂದು ಕಟಿಂಗ್ ಮಾಡಿದ. ಸುತ್ತ ಒಂದೇ ಸಮ, ಮದುಮಗನ ತಲೆಯ ಹಾಗೆ. ಕಡ್ಡಿಗಳ ತುದಿಯಲ್ಲಿ ಬೂದು ರೋಮದ ದಪ್ಪ ಗಂಟುಗಳಿದ್ದವು. ಕ್ಷೌರಿಕನ ಕಣ್ಣಿಗೆ ಅವು ವಾರದ ಗಡ್ಡ. ಒಂದನ್ನೂ ಬಿಡಲಿಲ್ಲ.

"ನಿಮ್ಮ ಕಡೇದನ್ನ ನಾಳೆ ತೆಗೀತೀನಿ" ಅಂತ ಗೋಡೆಯ ಮೇಲಿಂದ ಕೂಗಿದ. ನಾನೂ ಖುಷಿಯಿಂದ ತಲೆಯಾಡಿಸಿದೆ. ಆ ಗಂಟುಗಳೇ ಹೂವಿನ ಮೊಗ್ಗು ಅಂತ ನಮ್ಮಿಬ್ಬರಿಗೆ ಯಾರು ಹೇಳಬೇಕು?

ಮರುದಿನ ಅಕ್ಕ ಬಂದವಳೇ ಕಿಟಕಿಯ ಪರದೆ ಸರಿಸಿದಳಂತೆ. ಇದೆಲ್ಲ ಆಮೇಲೆ ಮಾವನೇ ಹೇಳಿದ್ದು.

"ಮೊಗ್ಗೆಲ್ಲಿ?"

"ಯಾವ ಮೊಗ್ಗು? ಆ ಗಡ್ಡದ ಥರ ಇದ್ದದ್ದಾ? ನುಣ್ಣಗೆ ತೆಗೆದೆ."

ಅವಳು ಬೈದಿದ್ದರೆ ಅವನಿಗೆ ಊಟವಾದರೂ ಸೇರುತ್ತಿತ್ತು. ಬೈಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಡೆಯಲು ಕೊಟ್ಟಿದ್ದ ವಾಕರ್ ಮೂಲೆ ಸೇರಿತು.

ಅದೇ ಹೊತ್ತಿಗೆ ನನ್ನ ಅಂಗಳಕ್ಕೆ ಪೈಪುಗಳ ಲಾರಿ ಬಂದಿತ್ತು. ಕೊಂಬೆ ಅಡ್ಡ. ಮಾವನಿಗಾಗಿ ಕಾಯುವ ಪುರುಸೊತ್ತಿಲ್ಲದೆ ಹಮಾಲಿಯ ಕೈಗೆ ಗರಗಸ ಕೊಟ್ಟಿದ್ದೆ. ಅಷ್ಟರಲ್ಲಿ ಮಾವ ಏದುಸಿರು ಬಿಡುತ್ತಾ ಬಂದು ಕೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇದನ್ನ ಬಿಟ್ಬಿಡಿ ಸಾಹುಕಾರ್ರೇ."

"ಇಷ್ಟು ವರ್ಷ ತೆಗಿ ಅಂದ್ರೆ ಹಲ್ಲು ಕಿರೀತಿದ್ದೆ. ನಿನ್ನೆ ತೆಗೀತೀನಿ ಅಂದೆ. ಇವತ್ತೇನು?"

"ಅವಳ ಮೊಗ್ಗು ಉಳಿದಿರೋದು ಇದರಲ್ಲಿ ಮಾತ್ರ."

ಎದುರಿನವನ ಗರಜು ಕಂಡರೆ ಬೆಲೆ ಏರಿಸುವುದು ವ್ಯಾಪಾರಿಯ ಬುದ್ಧಿ. ಬಾಯಿ ತೆರೆದೂ ಇದ್ದೆ. ಅವನ ಮುಖ ನೋಡಿ ಮುಚ್ಚಿದೆ. ಪೈಪುಗಳನ್ನು ಅಂಗಡಿಯೊಳಗೇ, ಗಿರಾಕಿಗಳು ಎಡವುವ ಹಾಗೆ ಇಳಿಸಿಕೊಂಡೆವು.

ಆ ಕೊಂಬೆಯಲ್ಲಿ ಎಲೆಗಿಂತ ಮುಂಚೆ ಹೂ ಬಂತು. ಅಂಗೈಯಗಲ, ಬಿಳಿ, ಬುಡದಲ್ಲಿ ತುಸು ಗುಲಾಬಿ. ಸುದ್ದಿ ಮುಟ್ಟಿಸಿದ ಗಳಿಗೆಯಲ್ಲೇ ಅಕ್ಕ ವಾಕರ್ ಎಳೆದುಕೊಂಡು, ದಾರಿಯುದ್ದಕ್ಕೂ ಗಂಡನನ್ನು ಬೈಯುತ್ತಾ ಬಂದು, ನನ್ನ ಅಂಗಳದ ಬಣ್ಣದ ಡಬ್ಬಿಗಳ ನಡುವೆ ಕುರ್ಚಿಯಲ್ಲಿ ಕೂತಳು. ಬೈಗುಳ ಕೇಳಿ ಮಾವನ ಮುಖ ಅರಳಿತ್ತು. ಬಹಳ ಹೊತ್ತು ಹೂ ನೋಡಿದಳು.

"ದೇವರು ದೊಡ್ಡವನು" ಅಂದಳು. "ಇವರ ಕೈಗೆ ಸಿಗದ ಹಾಗೆ ಒಂದು ಕೊಂಬೆ ಬೆಳೆಸಿಟ್ಟಿದ್ದ." ಆಮೇಲೆ ನನ್ನ ಕಡೆ ತಿರುಗಿ, "ಜಾಗ ಕೊಟ್ಟ ಪುಣ್ಯ ನಿನ್ನದು ಕಣಪ್ಪ."

ಬಿಟ್ಟಿ ಬಂದ ಪುಣ್ಯವನ್ನು ಬೇಡ ಅನ್ನುವಷ್ಟು ದಡ್ಡ ವ್ಯಾಪಾರಿ ನಾನಲ್ಲ. ಆದರೆ ಆ ದಿನ ಅಂಗಡಿ ಮುಚ್ಚುವಾಗ ಕೊಂಬೆಗೆ ಒಂದು ಆಸರೆಯ ಕಂಬಿ ನಿಲ್ಲಿಸಿ ಬಂದೆ. ಹೊಸ ಕಂಬಿ.

ಹೂ ಉದುರಿದ ಮೇಲೆ ಅಕ್ಕ ಕುರ್ಚಿಯಿಂದಲೇ ಬೆರಳು ತೋರಿಸಿದಳು, ಮಾವ ಕತ್ತರಿ ಹಿಡಿದ. ಒಂದೊಂದು ಕಡ್ಡಿಯನ್ನೂ ಹಿಡಿದು "ಇದಾ?" ಅಂತ ಕೇಳಿ, "ಹೂಂ" ಅಂದ ಮೇಲೆಯೇ ಕತ್ತರಿಸಿದ.

ಈಗ ಅಂಗಡಿಯಲ್ಲೂ ಅದೇ ಅಭ್ಯಾಸ. ಮೊನ್ನೆ ನನ್ನ ಕೊರಳಿಗೆ ಬಟ್ಟೆ ಸುತ್ತಿ, ಉಳಿದಿರುವ ನಾಲ್ಕು ಕೂದಲಲ್ಲಿ ಒಂದನ್ನು ಎತ್ತಿ ಹಿಡಿದು, "ಇದನ್ನ ತೆಗೀಲಾ?" ಅಂದ.

"ಬಿಡಯ್ಯ," ಅಂದೆ, "ಮೊಗ್ಗಿರಬಹುದು."