ಡಿಪೋ ಕಿಟಕಿಯ ಮಷೀನಕ್ಕ

ಬೆಳಗಿನ ನಾಲ್ಕೂಮುಕ್ಕಾಲು. ಬಸ್ ಡಿಪೋದ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಕಿಟಕಿಯಾಚೆ ಏಳೆಂಟು ಕಂಡಕ್ಟರುಗಳು ಸಾಲುಗಟ್ಟಿದ್ದಾರೆ. ಎಲ್ಲರ ಕೈಯಲ್ಲೂ ಕೆಟ್ಟ ಟಿಕೆಟ್ ಮಷೀನು. ಒಂದರ ಬಾಯಿಂದ ಕಾಗದ ಬರುತ್ತಿಲ್ಲ, ಇನ್ನೊಂದು ಆನ್ ಆಗುತ್ತಿಲ್ಲ, ಮತ್ತೊಂದರಲ್ಲಿ ಐದು ಒತ್ತಿದರೆ ಐವತ್ತೈದು ಬೀಳುತ್ತದೆ. ಮೊದಲ ಬಸ್ಸು ಹೊರಡುವುದು ಐದೂ ಹತ್ತಕ್ಕೆ. ಒಳಗೆ ಕೂತಿರುವ ಹೆಂಗಸಿಗೆ ಇರುವುದು ಇಪ್ಪತ್ತೈದು ನಿಮಿಷ.

"ಏನ್ ಮಾಡ್ದೆ ಇದಕ್ಕೆ?" ಎಂದು ಮೊದಲಿನವನನ್ನು ಕೇಳುತ್ತಾರೆ.

"ಏನೂ ಇಲ್ಲಕ್ಕ. ಸುಮ್ನೆ ಬ್ಯಾಗಲ್ಲಿ ಇಟ್ಟಿದ್ದೆ."

"ಸುಮ್ನೆ ಇಟ್ಟಿದ್ದಕ್ಕೆ ಮೂಲೆ ಒಡೀತಾ? ತಗೋ, ಟಿಕೆಟ್ ಕೊಡೋ ಹಾಗೆ ಹಿಡ್ಕೊಂಡು ತೋರ್ಸು."

ಅವನು ಹಿಡಿಯುತ್ತಾನೆ, ಒತ್ತುತ್ತಾನೆ. ಕಾಗದ ಬಾರದಿದ್ದಾಗ ತನಗೇ ಗೊತ್ತಿಲ್ಲದೆ ಕಿಟಕಿಯ ಕಂಬಿಗೆ ಮಷೀನನ್ನು ಒಮ್ಮೆ ಕುಟ್ಟುತ್ತಾನೆ. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಗುತ್ತಾರೆ.

ಇದು ಈ ಅಕ್ಕನ ಕ್ರಮ. ಮೊದಲು ಮಷೀನನ್ನು ಬಿಚ್ಚುವುದಿಲ್ಲ, ಹಿಡಿಯುವ ಕೈ ನೋಡುತ್ತಾರೆ. "ಅರ್ಧ ರೋಗ ಕೈಯಲ್ಲೇ ಇರುತ್ತೆ. ಬಸ್ಸಿನ ಕಂಬಿಗೆ ಕುಟ್ಟಿದ್ರೆ ಪೇಪರ್ ಬರುತ್ತೆ ಅಂತ ಯಾವ ಪುಣ್ಯಾತ್ಮ ಕಂಡುಹಿಡಿದನೋ! ಬರುತ್ತೆ, ನಿಜ. ಜೊತೆಗೆ ಬ್ಯಾಟರಿ ಬೆಸುಗೆನೂ ಕಿತ್ತು ಬರುತ್ತೆ."

ಡಿಪೋದಲ್ಲಿ ನೂರಾ ಅರವತ್ತು ಮಷೀನುಗಳಿವೆ. ಬೆಳಗಿಗೆ ಹತ್ತಾದರೂ ಈ ಕಿಟಕಿಗೆ ಬರುತ್ತವೆ, ಅದರಲ್ಲಿ ಏಳು ಅಲ್ಲೇ ಸರಿಹೋಗುತ್ತವೆ. ಸಲಕರಣೆ ಕೇಳಿದರೆ ನಗು ಬರುತ್ತದೆ: ಹಲ್ಲುಜ್ಜುವ ಹಳೆಯ ಬ್ರಷ್ಷು, ಶಾಲೆ ಮಕ್ಕಳ ರಬ್ಬರು, ಬೆಸುಗೆ ಕಡ್ಡಿ, ಒಂದು ಭೂತಗನ್ನಡಿ. ಟಿಕೆಟ್ ಎರಡು ನಿಮಿಷ ತಡವಾದರೆ ಕಂಡಕ್ಟರನ ಮೇಲೆ ಹರಿಹಾಯುವ ನಮಗೆ, ಆ ಟಿಕೆಟ್ಟಿನ ಹಿಂದೆ ಇಷ್ಟು ಹೊತ್ತಿಗೇ ಎದ್ದು ಕೂತ ಒಬ್ಬ ಹೆಂಗಸಿದ್ದಾಳೆಂಬುದು ಗೊತ್ತಿಲ್ಲ. ತಿಳಿದುಕೊಳ್ಳುವ ದರ್ದೂ ನಮಗಿಲ್ಲ.

ಅಕ್ಕನಿಗೆ ಐವತ್ತೊಂದು ವರ್ಷ. ಈ ವಿದ್ಯೆ ಯಾವ ಕಾಲೇಜಿನದೂ ಅಲ್ಲ. ಡಿಪೋದಲ್ಲಿ ಸಮವಸ್ತ್ರ ಹೊಲಿಯುವ ವಿಭಾಗವೊಂದಿತ್ತು. ಅಲ್ಲಿ ದರ್ಜಿಯಾಗಿ ಸೇರಿದರು. ಹತ್ತೊಂಬತ್ತು ವರ್ಷದ ಹಿಂದೆ ಅದನ್ನು ಮುಚ್ಚಿದಾಗ, ಕೈ ನಡುಗದವರು ಯಾರಿದ್ದಾರೆಂದು ಹುಡುಕಿ ಇವರನ್ನು ಇಲ್ಲಿ ಕೂರಿಸಿದರು. ಕಂಪನಿಯವನು ಬಂದು ಎರಡು ದಿನ ಹೇಳಿಕೊಟ್ಟ. ಉಳಿದದ್ದನ್ನು ಬಿಚ್ಚಿ, ಕೆಡಿಸಿ, ಬೈಸಿಕೊಂಡು ಕಲಿತರು.

ರಿಪೇರಿಯೋ, ಬದಲಿಯೋ ಎಂದು ತೀರ್ಮಾನಿಸುವುದೂ ಅವರೇ. ಅದಕ್ಕೆ ದರ್ಜಿಯ ಲೆಕ್ಕವೇ ಅಳತೆಗೋಲು. "ಅಂಗಿ ಕಾಲರ್ ಸವೆದ್ರೆ ಬಿಚ್ಚಿ ತಿರುಗಿಸಿ ಹೊಲೀತಿದ್ವಿ. ಒಂದ್ಸಲ ಮಾತ್ರ. ಎರಡನೇ ಸಲ ಸೂಜಿ ಹಾಕೋಕೆ ಬಟ್ಟೇನೇ ಇರಲ್ಲ. ಇದೂ ಅಷ್ಟೆ. ಬೋರ್ಡು ಒಂದೇ ಜಾಗದಲ್ಲಿ ಎರಡನೇ ಸಲ ಬಿರುಕು ಬಿಟ್ರೆ ನಾನು ಮುಟ್ಟಲ್ಲ."

ಒಮ್ಮೆ ಮುಟ್ಟಿದ್ದರು. ಆರು ವರ್ಷದ ಹಿಂದಿನ ಮಾತು. ಒಬ್ಬ ಕಂಡಕ್ಟರು ಗೋಗರೆದನೆಂದು ಬಿರುಕಿನ ಮೇಲೆ ಮತ್ತೆ ಬೆಸುಗೆ ಹಾಕಿ ಕೊಟ್ಟರು. ತುಂಬಿದ ಬಸ್ಸಿನಲ್ಲಿ ಮಷೀನು ಸತ್ತಿತು. ಅದೇ ಹೊತ್ತಿಗೆ ತಪಾಸಣೆಯವರು ಹತ್ತಿದರು. ಟಿಕೆಟ್ಟಿಲ್ಲದ ಹನ್ನೊಂದು ಮಂದಿ ಸಿಕ್ಕರು. ಕಂಡಕ್ಟರಿಗೆ ಹದಿನೈದು ದಿನ ಅಮಾನತು. ತಪ್ಪು ತನ್ನದೆಂದು ಅಕ್ಕ ಕಚೇರಿಗೆ ಹೋಗಿ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಕನಿಕರಪಟ್ಟು ರಿಪೇರಿ ಮಾಡಿದ್ದು ಅದೊಂದೇ. ಶಿಕ್ಷೆ ಅನುಭವಿಸಿದ್ದು ಅವನು" ಎನ್ನುತ್ತಾರೆ.

ಈಗ ಡಿಪೋಗೆ ಗಾಜಿನ ಮುಖದ ಹೊಸ ಮಷೀನುಗಳು ಬರುತ್ತಿವೆ. ಅವನ್ನು ಬಿಚ್ಚುವಂತಿಲ್ಲ, ಕೆಟ್ಟರೆ ಕಂಪನಿಗೇ ಕಳಿಸಬೇಕು. ಹಳೆಯವು ಮೂವತ್ತೆಂಟು ಉಳಿದಿವೆ. ಅಂದರೆ, ಅಕ್ಕ ಒಂದೊಂದು ಸಲ 'ಬದಲಿ' ಎಂದು ಬರೆದಾಗಲೂ ತನ್ನ ಕುರ್ಚಿಯ ಕಾಲನ್ನು ತಾನೇ ಅಷ್ಟಷ್ಟು ಕುಯ್ದುಕೊಳ್ಳುತ್ತಿದ್ದಾರೆ. ಬರೆಯುವಾಗ ಕೈ ಮಾತ್ರ ತಡೆಯುವುದಿಲ್ಲ.

ಮನೆಯಲ್ಲಿ ಈ ಶಿಸ್ತು ನಡೆಯುವುದಿಲ್ಲ. ಎರಡು ಕೋಣೆಯ ಮನೆ, ಶಾಲಾ ವ್ಯಾನು ಓಡಿಸುವ ಗಂಡ, ನರ್ಸಿಂಗ್ ಓದುವ ಮಗಳು, ಮಾತಿನಲ್ಲಿ ಸೋಲದ ಅತ್ತೆ. "ಊರಿನ ಮಷೀನೆಲ್ಲ ಸರಿ ಮಾಡ್ತಾಳೆ ಮಹಾತಾಯಿ, ನಮ್ಮನೆ ಟೀವಿ ರಿಮೋಟಿಗೆ ಎರಡು ವರ್ಷದಿಂದ ರಬ್ಬರ್ ಬ್ಯಾಂಡು!" ಎಂದು ಅತ್ತೆ ರಿಮೋಟನ್ನು, ಮಾತಾಡಿಸಲು ಹೋದ ನಮ್ಮ ಮುಖದ ಮುಂದೆ ಹಿಡಿಯುತ್ತಾರೆ. ಸೊಸೆ ನಗುತ್ತಾ ಚಹಾ ಸೋಸುತ್ತಾರೆ.

ಸಾಲಿನ ಕೊನೆಗೆ ನಿಂತವರು ಏಳನೇ ನಂಬರಣ್ಣ. ಇಪ್ಪತ್ತೆಂಟು ವರ್ಷದಿಂದ ಅದೇ ಏಳನೇ ನಂಬರ್ ಬಸ್ಸಿನಲ್ಲಿ ಕಂಡಕ್ಟರಾಗಿರುವವರು, ಹೆಸರೂ ಅದೇ ಆಗಿಹೋಗಿದೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ. ಕೈಯಲ್ಲಿ ನಲವತ್ತೊಂದನೇ ಮಷೀನು. ಹಿಂದಿನ ದಿನ ದಾರಿಯಲ್ಲಿ ಎರಡು ಸಲ ನಿಂತಿದೆ. ಹೊಸ ಮಷೀನನ್ನು ಅವರಿಗೂ ಕೊಟ್ಟು ನೋಡಿದ್ದರು. ಮೂರು ದಿನ ಒದ್ದಾಡಿದರು. ಗಾಜು ಅವರ ಬೆರಳಿಗೆ ಓಗೊಡಲಿಲ್ಲ, ಜನ ಕೂಗಾಡಿದರು. ಹೊಸದು ಹಿಡಿಯಲಾಗದವರು ಬಸ್ಸು ಬಿಟ್ಟು ಗೇಟಿನಲ್ಲಿ ಕೂರಬೇಕೆಂದು ವ್ಯವಸ್ಥಾಪಕರ ಆದೇಶವಾಗಿದೆ.

ಅಕ್ಕ ಮಷೀನು ಬಿಚ್ಚಿ ಭೂತಗನ್ನಡಿ ಹಿಡಿಯುತ್ತಾರೆ. ಕಳೆದ ತಿಂಗಳು ತಾವೇ ಹಾಕಿದ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು.

"ನೋಡಿ ಅಣ್ಣ."

"ನಾನ್ಯಾಕೆ ನೋಡ್ಲಿ? ನೀನು ಒಂದು ಚುಕ್ಕೆ ಬೆಸುಗೆ ಹಾಕು ತಂಗಿ. ಹದಿನಾಲ್ಕು ತಿಂಗಳು, ಅಷ್ಟೇ ನಾನ್ ಕೇಳ್ತಿರೋದು."

"ಹದಿನಾಲ್ಕು ದಿನನೂ ಬರಲ್ಲ."

"ಗೇಟಲ್ಲಿ ಕೂತು ಬಸ್ಸು ಎಣಿಸ್ಬೇಕಾ ನಾನು? ಏಳನೇ ನಂಬರು ಮುಂದೆ ಹೋಗ್ತಿರುತ್ತೆ, ನಾನು ಕೈ ಬೀಸ್ತಾ ಕೂರ್ಲಾ?"

ಅಕ್ಕ ಪುಸ್ತಕ ತೆಗೆದು ನಲವತ್ತೊಂದರ ಮುಂದೆ 'ಬದಲಿ' ಎಂದು ಬರೆದು ಸಹಿ ಹಾಕುತ್ತಾರೆ. ಅಣ್ಣ ತಿರುಗಿಯೂ ನೋಡದೆ ಹೊರಡುತ್ತಾರೆ.

ಇಲ್ಲಿಗೆ ಅವರ ಕೆಲಸ ಮುಗಿಯಿತು. ಸಂಬಳ ಕೊಡುವುದು ಇಷ್ಟಕ್ಕೇ. ಆದರೆ ಬೆಳಕು ಹರಿದು ಕಚೇರಿ ತೆರೆದೊಡನೆ ಅಕ್ಕ ಹೊಸ ಮಷೀನೊಂದನ್ನು ಕೇಳಿ ಪಡೆಯುತ್ತಾರೆ. ಗೇಟಿಗೆ ನಡೆದು, ಮುಖ ಊದಿಸಿಕೊಂಡು ಕೂತ ಅಣ್ಣನ ಕೈಗೆ ಅದನ್ನು ಕೊಡುತ್ತಾರೆ. "ಹಿಡ್ಕೊಂಡು ತೋರ್ಸಿ."

ಅಣ್ಣ ಎಡಗೈಯಲ್ಲಿ ಹಿಡಿದು ಅದೇ ಕೈಯ ಹೆಬ್ಬೆರಳಿನಿಂದ ಗಾಜು ಒಡೆಯುವ ಹಾಗೆ ಒತ್ತುತ್ತಾರೆ. ಬಟನ್ ಒತ್ತಿ ಒತ್ತಿ ಆ ಹೆಬ್ಬೆರಳ ತುದಿ ಒಣಗಿದ ತೊಗಲಾಗಿದೆ, ಅದು ಮುಟ್ಟಿದ್ದೇ ಗಾಜಿಗೆ ತಿಳಿಯುವುದಿಲ್ಲ. ಮೂರು ದಿನ ಪರೀಕ್ಷೆ ನಡೆಸಿದ ಅಧಿಕಾರಿಗಳು ಆ ಬೆರಳನ್ನು ಒಮ್ಮೆಯೂ ನೋಡಿಲ್ಲ. 'ವಯಸ್ಸಾಯಿತು' ಎಂದು ಷರಾ ಬರೆಯಲು ಅವರಿಗೆ ಮೂರು ಸೆಕೆಂಡು ಸಾಕಾಯಿತು.

"ಒತ್ತಬೇಡಿ, ಮುಟ್ಟಿ ಸಾಕು. ಬಲಗೈಯ ಉಂಗುರದ ಬೆರಳು ಕೊಡಿ ಇಲ್ಲಿ. ಅದಕ್ಕೆ ಇಪ್ಪತ್ತೆಂಟು ವರ್ಷದಿಂದ ರಜಾ."

ಗಾಜು ಓಗೊಟ್ಟಿತು. ಅಕ್ಕ ಅಲ್ಲಿಂದಲೇ ವ್ಯವಸ್ಥಾಪಕರ ಬಳಿ ಹೋಗಿ ಅಣ್ಣನಿಗೆ ಕಲಿಸಲು ಎಂಟು ದಿನ ಕೇಳಿದರು. "ಎಂಟೇ. ಒಂಬತ್ತನೇ ದಿನ ಬಸ್ಸಿನಲ್ಲಿ ತಡವರಿಸಿದರೆ ನಿವೃತ್ತಿವರೆಗೂ ಗೇಟು" ಎಂಬ ಉತ್ತರ ಬಂತು.

ಎಂಟು ದಿನವೂ ನಸುಕಿನ ನಾಲ್ಕೂಕಾಲಿಗೆ ಆ ಕೋಣೆಯೇ ಬಸ್ಸು. ಅಕ್ಕ ಪ್ರಯಾಣಿಕರು. ಕಸ ಗುಡಿಸುವ ಅಜ್ಜಿಯೂ ಪೊರಕೆ ಸಮೇತ ಹತ್ತಿಕೊಂಡರು.

"ಎರಡು ದೊಡ್ಡೋರು, ಒಂದು ಅರ್ಧ, ಆಸ್ಪತ್ರೆ ಸ್ಟಾಪು!"

"ಅರ್ಧ ಅಂದ್ರೆ ಯಾರಜ್ಜಿ? ಮಗು ಎಲ್ಲಿ?"

"ಪೊರಕೆ ಕಣಯ್ಯ! ಬೇಗ ಕೊಡು, ಸ್ಟಾಪು ದಾಟಿಹೋಯ್ತು! ದಿನಾ ಇದೇ ಆಯ್ತು ನಿಂದು!"

ಮೊದಲ ದಿನ ಒಂದು ಟಿಕೆಟ್ಟಿಗೆ ಅರ್ಧ ನಿಮಿಷ. ಮೂರನೇ ದಿನ ಮರೆತು ಹೆಬ್ಬೆರಳೇ ಮುಂದೆ ಬಂತು, ಅಣ್ಣ ಮಷೀನನ್ನು ಮೇಜಿನ ಮೇಲೆ ಕುಕ್ಕಿ ಎದ್ದುಹೋದರು. ನಾಲ್ಕನೇ ದಿನ ಮತ್ತೆ ಬಂದರು. ಎಂಟನೇ ದಿನಕ್ಕೆ ಹನ್ನೆರಡು ಸೆಕೆಂಡು.

ಒಂಬತ್ತನೇ ದಿನ ಮಧ್ಯಾಹ್ನ ನಾವು ಆ ಕಿಟಕಿಯ ಬಳಿ ಮತ್ತೆ ನಿಂತಿದ್ದೇವೆ. ಅಕ್ಕನ ಕೈಯಲ್ಲಿ ಬ್ರಷ್ಷಿದೆ, ಕಣ್ಣು ಮಾತ್ರ ಗೇಟಿನ ಮೇಲಿದೆ. ಏಳನೇ ನಂಬರ್ ಬಸ್ಸು ಒಳಗೆ ಬರುತ್ತದೆ. ಅಣ್ಣ ಇಳಿದು ದಾಪುಗಾಲು ಹಾಕುತ್ತಾ ನೇರ ಕಿಟಕಿಗೆ ಬರುತ್ತಾರೆ. ಮುಖ ಕೆಂಪಗಿದೆ.

"ಏನಾಯ್ತಣ್ಣ?"

"ಏನಾಗೋದು? ಈ ಜನಕ್ಕೆ ಬುದ್ಧಿ ಬರೋದು ಯಾವಾಗ ತಂಗಿ? ಒಳಗೆ ಚೆಂಡಾಟ ಆಡೋವಷ್ಟು ಜಾಗ ಇದೆ, ಎಲ್ರಿಗೂ ಬಾಗಿಲೇ ಬೇಕು! ಒಳಗೆ ಹೋಗಿ ಸ್ವಾಮಿ ಅಂದ್ರೆ, ಮುಂದಿನ ಸ್ಟಾಪು ಅಂತಾನೆ. ಆರು ಸ್ಟಾಪಿಂದ ಅದೇ ಹೇಳ್ತಿದ್ದಾನೆ, ಬಾಗಿಲಿಗೆ ಹುಟ್ಟಿದೋನು!"

ಐದು ನಿಮಿಷ ಬೈದು, ನೀರು ಕುಡಿದು, ಮುಂದಿನ ಸುತ್ತಿಗೆ ಹೊತ್ತಾಯಿತೆಂದು ಓಡುತ್ತಾರೆ. ವ್ಯವಸ್ಥಾಪಕರ ಕಚೇರಿಯಿಂದ ಯಾರೂ ಅವರನ್ನು ಕರೆಯುವುದಿಲ್ಲ.

ಅಕ್ಕ ಬ್ರಷ್ಷು ಕೆಳಗಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

"ನೋಡಿದ್ರಾ? ಮಷೀನಿನ ಸುದ್ದೀನೇ ಎತ್ತಲಿಲ್ಲ. ರಿಪೇರಿ ಆಯ್ತು ಅನ್ನೋದು ಇದಕ್ಕೇ."