ಪರದೆಯ ನಾಲ್ಕು ಮೂಲೆ

ನನಗೆ ಕೂತಲ್ಲಿ ಕೂರುವ ಗುಣವಿಲ್ಲ. ಬಸ್ಸು ಹೊರಡುವ ಮೊದಲೇ ಎರಡು ಸಲ ಸೀಟು ಬದಲಿಸುವವಳು ನಾನು. ಚಹಾ ಕುದಿಯುವ ತನಕ ಒಲೆಯ ಮುಂದೆ ನಿಲ್ಲಲಾರೆ. ಅಂಥವಳು ಕಂಪ್ಯೂಟರಿಗೆ ಒಂದು ಮಾನಿಟರ್ ಆರಿಸಲು ಯುಗಾದಿಯಿಂದ ಶ್ರಾವಣದವರೆಗೆ ತಿಣುಕಿದೆ. ಅದಕ್ಕೆ ಕಾರಣ ಅಪ್ಪ.

ಅಪ್ಪ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತನಾದವನು. ಅಫಜಲಪುರದ ನಮ್ಮ ಮನೆಯಿಂದ ಆಳಂದಕ್ಕೆ, ಜೇವರ್ಗಿಗೆ ಹೋಗುವ ರಸ್ತೆಗಳ ತಗ್ಗುದಿನ್ನೆಯೆಲ್ಲ ಅವನಿಗೆ ಬಾಯಿಪಾಠ. ತನ್ನ ಬಸ್ಸಿಗೆ ಒಂದು ಗೀರು ಬೀಳಿಸಲಿಲ್ಲ ಎನ್ನುವುದು ಅವನ ಹೆಮ್ಮೆ. "ಡ್ರೈವರಗ ಕೈಕಾಲು ಆಮ್ಯಾಗ, ಮೊದಲ ಕಣ್ಣು" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ನಿವೃತ್ತಿಯ ಮೇಲೆ ಕಟ್ಟೆ ಹಿಡಿದು ಕೂತವನನ್ನು ನಾನೇ ಎಬ್ಬಿಸಿ ತಂದು ನನ್ನ ಕಂಪ್ಯೂಟರಿನ ಮುಂದೆ ಕೂರಿಸಿದೆ. ಲಾರಿ ಓಡಿಸುವ ಆಟ ಹಾಕಿಕೊಟ್ಟೆ, ಆಟದ ಸ್ಟೇರಿಂಗ್ ತಂದು ಮೇಜಿಗೆ ಬಿಗಿದೆ. ಅಂದಿನಿಂದ ಭಾನುವಾರದ ಸಂಜೆ ನಮ್ಮಿಬ್ಬರದಾಯಿತು. ಮೊದಲು ಲಾರಿ, ಆಮೇಲೆ ಒಂದು ಹಳೆಯ ಸಿನಿಮಾ. ವಾರವಿಡೀ ಕಾಲೇಜಿನ ಆಫೀಸಿನಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುವ ನಾನು ಅಷ್ಟು ಹೊತ್ತು ಮಾತ್ರ ಅಲ್ಲಾಡದೆ ಕೂರುತ್ತಿದ್ದೆ. ಆ ಸಂಜೆಗಳೆಂದರೆ ನನಗೆ ಪ್ರಾಣ.

ಯುಗಾದಿಯ ಸುಮಾರಿಗೆ ಅಪ್ಪನ ಲಾರಿ ಗುದ್ದತೊಡಗಿತು. ಬಲಗಡೆಯಿಂದ ಮುಂದೆ ಹೋಗುವ ಕಾರಿಗೆ ತಾಗಿಸುವನು, ಬೈಯುವನು, ಮತ್ತೆ ತಾಗಿಸುವನು.

"ಅಪ್ಪಾ, ಲೈಸೆನ್ಸ್ ಕಸ್ಗೊಳ್ತಾರ ನೋಡು" ಎಂದು ನಕ್ಕೆ.

"ನಿನ್ನ ಸ್ಕ್ರೀನ್ ಹಳೇದಾಗ್ಯದವ್ವಾ. ಬಲಗಡಿ ಬರೋ ಗಾಡಿ ಕಾಣಂಗೇ ಇಲ್ಲ" ಎಂದ.

ಒಳಗಿನಿಂದ ಅವ್ವ, "ಕುಣೀಲಾರದಾಕಿ ಅಂಗಳ ಡೊಂಕು ಅಂದ್ಳಂತ" ಎಂದಳು. ಅಪ್ಪ ನಗಲಿಲ್ಲ. ಮುಂದಿನ ಭಾನುವಾರ ಮೊಣಕಾಲು ನೋವೆಂದ, ಅದರ ಮುಂದಿನ ವಾರ ಯಾರದೋ ಮನೆಗೆ ಹೋಗಬೇಕೆಂದ. ಆಮೇಲೆ ನೆಪ ಹೇಳುವುದನ್ನೂ ಬಿಟ್ಟ. ನನ್ನ ಪಕ್ಕದ ಕುರ್ಚಿ ಖಾಲಿ ಬಿತ್ತು.

ಮಾನಿಟರ್ ನಿಜವಾಗಿಯೂ ಹಳೆಯದೇ. ಅಂಚಿನಲ್ಲಿ ಮಬ್ಬಾಗಿತ್ತು. ಹೊಸದು ತಂದರೆ ಅಪ್ಪ ಬಂದು ಕೂರುತ್ತಾನೆ ಎಂದು ನಾನು ಖಚಿತ ಮಾಡಿಕೊಂಡೆ. ಆದರೆ ಎಂಥದ್ದು ತರುವುದು? ತೀರಾ ಅಗ್ಗದ್ದು ಬೇಡ, ತೀರಾ ದುಬಾರಿ ನಮ್ಮಂಥವರಿಗಲ್ಲ. ಈ ನಡುವಿನ ಬೆಲೆಯ ಮಾನಿಟರುಗಳ ಲೋಕವೇ ಒಂದು ತಲೆಬೇನೆ. ಒಂದು ಬಗೆಯ ಪರದೆಯಲ್ಲಿ ಕಪ್ಪು ಕಪ್ಪಾಗಿ ಕಾಣುತ್ತದೆ, ಸಿನಿಮಾಕ್ಕೆ ಒಳ್ಳೆಯದು, ಆದರೆ ಆಟದಲ್ಲಿ ವೇಗವಾಗಿ ಓಡುವ ಗಾಡಿಯ ಹಿಂದೆ ಮಸಿ ಒರೆಸಿದಂತೆ ನೆರಳು ಎಳೆಯುತ್ತದಂತೆ. ಇನ್ನೊಂದು ಬಗೆಯಲ್ಲಿ ಗಾಡಿ ಸ್ವಚ್ಛ, ಆದರೆ ಸಿನಿಮಾದ ಕತ್ತಲೆ ಬೂದಿಯ ಬಣ್ಣಕ್ಕೆ ತಿರುಗುತ್ತದಂತೆ. ಇಪ್ಪತ್ನಾಲ್ಕು ಇಂಚು ಸಾಕು ಎನ್ನುವವರೊಬ್ಬರು, ಇಪ್ಪತ್ತೇಳಕ್ಕೆ ಕಡಿಮೆ ತಂದರೆ ದಂಡ ಎನ್ನುವವರು ಇನ್ನೊಬ್ಬರು. ಇವತ್ತು ಇದೇ ಎಂದು ನಿರ್ಧರಿಸಿ ಮಲಗಿದರೆ ಬೆಳಿಗ್ಗೆ ಹಲ್ಲುಜ್ಜುವಾಗ ಮನಸ್ಸು ಬದಲು. ಆಫೀಸಿನಲ್ಲಿ ಮೇಜಿನ ಕೆಳಗೆ ಫೋನು ಹಿಡಿದು ಯಾರ್‍ಯಾರೋ ಬರೆದ ಅಭಿಪ್ರಾಯ ಓದಿದೆ. ಪರೀಕ್ಷೆಯ ಕೆಲಸಕ್ಕೆ ಜೇವರ್ಗಿಗೆ ಹೋದಾಗ ಊಟ ಬಿಟ್ಟು ಅಂಗಡಿಗೆ ಓಡಿದೆ. ಅಲ್ಲಿ ಬಾಗಿದ ಪರದೆಯೊಂದನ್ನು ನೋಡಿ ಮರುಳಾದೆ, ಬಸ್ಸು ಭೀಮಾ ನದಿಯ ಸೇತುವೆ ದಾಟುವಷ್ಟರಲ್ಲಿ ಅದೂ ಬೇಡವೆನಿಸಿತು. ಒಂದೊಂದಾಗಿ ಭಾನುವಾರಗಳು ಕಳೆಯುತ್ತಿದ್ದವು. ಅಪ್ಪನಿಗೆ ಈ ಸಂಜೆಗಳಿಲ್ಲದೆ ಇರುವುದೇ ರೂಢಿಯಾಗಿಬಿಟ್ಟರೆ?

ಅವನನ್ನು ಕೇಳಿದರೆ, "ಸಣ್ಣದ ತಗೋ. ಹಾಸಿಗಿ ಇದ್ದಷ್ಟ ಕಾಲು ಚಾಚಬೇಕು" ಎನ್ನುವನು. ಮತ್ತೊಂದು ದಿನ, "ಬ್ಯಾಡೇ ಬ್ಯಾಡ ಬಿಡು" ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಪಗಾರ, ನನ್ನ ಹಟ. ನೀ ಸುಮ್ನ ನನ್ನ ಜೋಡಿ ಬಾ" ಎಂದು ಆಳಂದಕ್ಕೆ ಎಳೆದುಕೊಂಡೇ ಹೋದೆ.

ಬಸ್ಸು ಹತ್ತಿದರೆ ಡ್ರೈವರನ ಹಿಂದಿನ ಸೀಟೇ ಅಪ್ಪನದು. ಅಲ್ಲಿ ಕೂತು, ಗೇರು ಹಾಕುವ ಪ್ರತಿ ಸಲವೂ ಒಂದು ಮಾತು ಆಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಅವತ್ತು ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಸುಮ್ಮನಿದ್ದ. ನನಗೆ ಅದನ್ನು ಗಮನಿಸಲು ಪುರುಸೊತ್ತೆಲ್ಲಿ? ಫೋನಿನಲ್ಲಿ ಎರಡು ಮಾನಿಟರುಗಳನ್ನು ಇನ್ನೂ ತೂಗುತ್ತಲೇ ಇದ್ದೆ.

ಆಳಂದದ ಅಂಗಡಿಯವನು ಉರ್ದುವಿನಲ್ಲಿ ಯಾರಿಗೋ ಫೋನಿನಲ್ಲಿ ಜಬರಿಸುತ್ತಿದ್ದವನು ನಮ್ಮನ್ನು ಕಂಡದ್ದೇ ಕನ್ನಡಕ್ಕೆ ಬಂದ. ನಾನು ಹೇಳಿದ ಎರಡನ್ನೂ ಡಬ್ಬಿಯಿಂದ ತೆಗೆದು ಪಕ್ಕಪಕ್ಕ ಇಟ್ಟು ಒಂದೇ ಸಿನಿಮಾ ಓಡಿಸಿದ. "ಚಾಚಾ, ನೀವ ಹೇಳ್ರಿ. ಯಾವ್ದು ಚಲೋ ಅದ?"

ಅಪ್ಪ ಕತ್ತು ತಿರುಗಿಸಿ ಒಂದನ್ನು ನೋಡಿದ, ಮತ್ತೆ ಪೂರ್ತಿ ತಿರುಗಿಸಿ ಇನ್ನೊಂದನ್ನು ನೋಡಿದ. "ಎರಡೂ ಚಲೋ ಅವರಿ" ಎಂದ. ಇಷ್ಟು ದೂರ ಕರೆತಂದದ್ದು ಈ ಮಾತಿಗೇ ಎಂದು ಹಲ್ಲು ಕಡಿದೆ. ಕೊನೆಗೆ ನಾನೇ ಇಪ್ಪತ್ತೇಳು ಇಂಚಿನದನ್ನು, ಕಪ್ಪು ಕಪ್ಪಾಗಿಯೇ ಕಾಣುವಂಥದ್ದನ್ನು ಆರಿಸಿದೆ. ಸುತ್ತ ಅಂಚೇ ಇಲ್ಲವೇನೋ ಎನ್ನುವಷ್ಟು ತೆಳು ಚೌಕಟ್ಟು. "ಬರೋಬ್ಬರಿ ಆರಿಸೀರಿ ಅಕ್ಕಾರ. ಸಿನಿಮಾನೂ ಆತು, ಆಟಾನೂ ಆತು" ಎಂದು ಅವನು ಡಬ್ಬಿ ಕಟ್ಟಿಕೊಟ್ಟ.

ನಮ್ಮ ಮನೆಯಲ್ಲಿ ಮಿಕ್ಸರ್ ಬಂದರೂ ಪೂಜೆಯಾಗದೆ ಚಾಲೂ ಮಾಡುವಂತಿಲ್ಲ, ಮತ್ತು ಪೂಜೆ ಅಪ್ಪನದೇ. ಡಿಪೋಕ್ಕೆ ಹೊಸ ಬಸ್ಸು ಬಂದಾಗ ಮುಂದಿನ ಗಾಜಿನ ನಾಲ್ಕು ಮೂಲೆಗೆ ಕುಂಕುಮ ಹಚ್ಚಿಯೇ ಅವನು ಸ್ಟೇರಿಂಗ್ ಮುಟ್ಟುತ್ತಿದ್ದದ್ದು. ಮನೆಯಲ್ಲಿ ಯಾವ ಹೊಸ ವಸ್ತುವಿಗಾದರೂ ಅದೇ ಕ್ರಮ. ಅವ್ವ ತಾಟು ಹಿಡಿದು ನಿಂತಳು. ನಾನು, ಬೇಗ ಆಗಲಿ ಎಂದು ಪ್ಲಗ್ಗಿನ ಹತ್ತಿರ ಕುಣಿಯುತ್ತಿದ್ದೆ.

ಅಪ್ಪ ಉಂಗುರದ ಬೆರಳನ್ನು ಕುಂಕುಮದಲ್ಲಿ ಅದ್ದಿ, ಆರಿದ್ದ ಕಪ್ಪು ಪರದೆಯ ಎಡಗಡೆಯ ಮೇಲಿನ ಮೂಲೆಗೆ ಒಂದು ಬೊಟ್ಟು ಇಟ್ಟ, ಕೆಳಗಿನ ಮೂಲೆಗೆ ಒಂದು. ಆಮೇಲೆ ಬಲಗಡೆ. ಅಲ್ಲಿ ಅವನ ಬೆರಳು ಮೂಲೆಗೆ ಹೋಗಲಿಲ್ಲ. ಮೂಲೆಗಿಂತ ಒಂದು ಗೇಣು ಒಳಗೆ, ಬಟ್ಟಬಯಲಿನಂಥ ಜಾಗದಲ್ಲಿ, ಮೇಲೊಂದು ಕೆಳಗೊಂದು ಬೊಟ್ಟು ಇಟ್ಟು ಕೈಮುಗಿದ.

"ಆತು, ನಾಲ್ಕೂ ಮೂಲಿಗೆ ಹಚ್ಚೇನಿ. ಇನ್ನ ಚಾಲೂ ಮಾಡು."

ಅವ್ವ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಮುಂಗೈ ಹಿಡಿದೆ. ಅಪ್ಪನಿಗೆ ಮೂಲೆ ಅಲ್ಲೇ ಇತ್ತು. ಅದರಾಚೆಗೆ ಅವನಿಗೆ ಪರದೆಯೂ ಇರಲಿಲ್ಲ, ಬಲಗಡೆಯ ಗಾಡಿಯೂ ಇರಲಿಲ್ಲ. ಹಳೆಯ ಮಾನಿಟರಿನದು ಏನೂ ತಪ್ಪಿರಲಿಲ್ಲ. ಅಳು ಬಂತು, ಇಷ್ಟು ತಿಂಗಳು ಮುಚ್ಚಿಟ್ಟನಲ್ಲ ಎಂದು ಸಿಟ್ಟೂ ಬಂತು. ಕಣ್ಣೇ ಮೊದಲು ಎಂದು ಊರಿಗೆಲ್ಲ ಹೇಳಿದ ಡ್ರೈವರ್ ಯಾವ ಬಾಯಿಂದ ಹೇಳಬೇಕು?

ಚಾಲೂ ಮಾಡಿದೆ. ಲಾರಿ ಪರದೆಯ ತುಂಬ ಹರಡಿ ನಿಂತಿತು. ಅಪ್ಪನ ಕೈ ಸ್ಟೇರಿಂಗಿನ ಕಡೆ ಹೋಗಲಿಲ್ಲ, ಕಾಲು ಬಾಗಿಲ ಕಡೆ ತಿರುಗಿತ್ತು. ನಾನು ಚಿತ್ರವನ್ನು ಕುಗ್ಗಿಸಿದೆ, ಎಡಕ್ಕೆ ಸರಿಸಿದೆ, ಮತ್ತೂ ಕುಗ್ಗಿಸಿದೆ. ಆ ನಾಲ್ಕು ಬೊಟ್ಟುಗಳ ಒಳಗೆ ಲಾರಿ ಹಿಡಿಸಿದಾಗ ಕೈಬಿಟ್ಟೆ. ಅಷ್ಟೊಂದು ತಿಂಗಳು ತೂಗಿ ತಂದ ಪರದೆಯ ಉಳಿದ ಭಾಗ ಕಪ್ಪಗೆ ಉಳಿಯಿತು.

ಅಪ್ಪ ಕುರ್ಚಿ ಎಳೆದುಕೊಂಡ. ಲಾರಿ ಹೊರಟಿತು. ಬಲಗಡೆಯಿಂದ ಒಂದು ಕಾರು ಬಂತು. ಅಪ್ಪ ಅದನ್ನು ಕಂಡ, ವೇಗ ತಗ್ಗಿಸಿದ, ಹಾದುಹೋಗಲು ಬಿಟ್ಟ. "ಈಗ ಕಾಣಾಕತ್ತದ ನೋಡು" ಎಂದ. ಅವನ ದನಿ ಮೊದಲಿನಂತೆಯೇ ಇತ್ತು. ಸ್ವಲ್ಪ ದೂರ ಹೋದ ಮೇಲೆ ಲಾರಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದ.

"ಯವ್ವಾ, ಚಿತ್ರ ಯಾಕ ಸಣ್ಣದು ಮಾಡೀ?"

ನಾನು ಕುಂಕುಮದ ಬೊಟ್ಟುಗಳ ಕಡೆ ನೋಡಿದೆ. ಅವನು ಕೈ ಚಾಚಿ ಬಲಗಡೆಯ ಬೊಟ್ಟನ್ನು ಮುಟ್ಟಿದ. ಅಲ್ಲಿಂದ ಬೆರಳನ್ನು ಗಾಜಿನ ಮೇಲೆ ನಿಧಾನ ಎಳೆಯುತ್ತ ಹೋದ. ಅಂಚು ಸಿಗುವವರೆಗೆ ಎಳೆದ. ಕುಂಕುಮ ಕೆಂಪಗೆ ಗೆರೆಯಾಯಿತು.

"ಇಷ್ಟು ಹೋಗ್ಯದೇನು?" ಎಂದ.

"ನಾಳೆ ಕಲಬುರಗಿಗೆ ಹೋಗೋಣಪ್ಪಾ, ಕಣ್ಣಿನ ಡಾಕ್ಟರ್ ಕಡೆ."

ಅಪ್ಪ ಬೆರಳಿನ ಕುಂಕುಮ ಒರೆಸಿಕೊಂಡ. ಆಮೇಲೆ ಮತ್ತೆ ಸ್ಟೇರಿಂಗ್ ಹಿಡಿದು, "ಹೋಗೋಣು. ಬಸ್ಸಿನ್ಯಾಗ ನೀ ನನ್ನ ಬಲಗಡಿ ಕೂಡು" ಎಂದ.

ನಾನು ಎದ್ದು ನನ್ನ ಕುರ್ಚಿಯನ್ನು ಅವನ ಬಲಕ್ಕೆ ಹಾಕಿಕೊಂಡು ಕೂತೆ. ಲಾರಿ ಊರು ಮುಟ್ಟುವ ತನಕ ಅಲ್ಲಾಡಲಿಲ್ಲ.